ಮಠದ ವಾಸನೆಯ ಸೆಂಟು: ಮೈಮೇಲೆ ಹಾಕಿ ನೋಡುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಕಾಲೇಜು ಉಪನ್ಯಾಸಕಿ. ಮಸ್ಕತ್‌ನಲ್ಲಿರುವ ಅಣ್ಣ ಈ ಸಲ ಊರಿಗೆ ಬಂದಾಗ 2 ಮಿಲಿಯ ಒಂದು ಸ್ಯಾಂಪಲ್ ಸೆಂಟು ಕೊಟ್ಟ. ದೊಡ್ಡ ಬಾಟ್ಲಿಗೆ ಇಪ್ಪತ್ತೈದು ಸಾವಿರ ರೂಪಾಯಿ ಅಂತೆ, ‘ನೀಶ್’ ಪರ್ಫ್ಯೂಮ್ ಅಂತೆ. ಜೊತೆಗಿದ್ದ ಕಾರ್ಡಿನಲ್ಲಿ ಕರಿಮೆಣಸು, ಏಲಕ್ಕಿ, ದಾಲ್ಚಿನ್ನಿ, ಫ್ರಾಂಕಿನ್ಸೆನ್ಸ್, ಮಿರ್, ಲ್ಯಾಬ್ಡನಮ್, ಬೆಂಜೊಯಿನ್ ಎಂದು ಬರೆದಿದೆ. ಮುಂಗೈಗೆ ಹಾಕಿಕೊಂಡ ಕೂಡಲೇ ಔಷಧ ಅಂಗಡಿಯ ವಾಸನೆ ಬಂತು. ಅರ್ಧ ತಾಸಿಗೆ ನಮ್ಮ ಮನೆಯವರು “ಏನಿದು, ಮಠದಾಗ ಕುಂತಂಗ ಆಗೇತಲ್ಲ” ಅಂದರು. ಮಧ್ಯಾಹ್ನ ನನಗೆ ಏನೂ ವಾಸನೆ ಬರುತ್ತಿರಲಿಲ್ಲ, ಆದರೆ ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಡಂ ತಲೆನೋವು ಅಂದರು. ರಾತ್ರಿ ಕೈ ಮೂಸಿ ನೋಡಿದರೆ ಬೇರೆಯೇ ಒಂದು ಸಿಹಿ ಘಮ. ಅದು ತುಂಬಾ ಹಿಡಿಸಿತು. ಇದು ಅಸಲಿಯೋ ನಕಲಿಯೋ? ನನ್ನ ಚರ್ಮಕ್ಕೆ ಹೊಂದುತ್ತಿಲ್ಲವೋ? ಸರಿಯಾಗಿ ಪರೀಕ್ಷೆ ಮಾಡುವುದು ಹೇಗೆ? ಅಣ್ಣನಿಗೆ ಬಾಟ್ಲಿ ತರಲು ಹೇಳಲೇ?

ಉತ್ತರ: ಮೊದಲು ಸಣ್ಣ ಉತ್ತರ ಕೊಟ್ಟುಬಿಡುತ್ತೇನೆ ತಂಗಿ. ಬಾಟ್ಲಿ ಈಗಲೇ ಬೇಡ. ವಾಸನೆ ಮೂರು ಸಲ ಬದಲಾಯಿತು ಅಂದ ಮಾತ್ರಕ್ಕೆ ನಕಲಿ ಅಲ್ಲ, ಇಂಥ ಸೆಂಟು ಬದಲಾಗಲೇಬೇಕು. ನಿಮ್ಮ ಚರ್ಮದ್ದೂ ಏನೂ ತಪ್ಪಿಲ್ಲ. ಇನ್ನು ನಿಮ್ಮ ಮನೆಯವರ ಮಾತನ್ನು ನೀವು ದೂರು ಅಂತ ತಿಳಿದಿದ್ದೀರಿ. ನನಗಂತೂ ಇಡೀ ಪತ್ರದಲ್ಲಿ ಅದರಷ್ಟು ಕರಾರುವಾಕ್ಕಾದ ಮಾತು ಇನ್ನೊಂದಿಲ್ಲ ಅನ್ನಿಸಿತು.

ನಾನು ಹುಬ್ಬಳ್ಳಿಯಲ್ಲಿ ಊದಿನಕಡ್ಡಿಗೆ ಕಾಂಪೌಂಡ್ ಕಲಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು. ಈಗ ಅತ್ತರಿನ ಸಣ್ಣ ಅಂಗಡಿ ಇದೆ. ನಿಮ್ಮ ಕಾರ್ಡಿನಲ್ಲಿರುವ ಅರ್ಧ ಸಾಮಾನು ಆಗ ನನ್ನ ಉಗುರಿನ ಸಂದಿಯಲ್ಲೇ ಇರುತ್ತಿತ್ತು. ಹಾಲುಮಡ್ಡಿ ಎಂಬ ಮರದ ಅಂಟು ಕಲಸಿದ ದಿನ ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ. ಊದಿನಕಡ್ಡಿಯ ‘ಊದು’ ಎಲ್ಲಿಂದ ಬಂತು ಅಂತ ಎಂದಾದರೂ ಯೋಚಿಸಿದ್ದೀರಾ? ಅರಬ್ಬಿಯ ‘ಊದ್’ ಅದು. ಗಲ್ಫ್‌ನವರು ಇವತ್ತು ಚಿನ್ನದ ಬೆಲೆ ಕೊಟ್ಟು ಹಚ್ಚಿಕೊಳ್ಳುವ ಊದ್ ಅತ್ತರಿನ ಮರವೇ ನಮ್ಮ ಅಗರು. ಅಗರಬತ್ತಿ ಅಂದರೂ ಅದೇ ಮರ, ಊದಿನಕಡ್ಡಿ ಅಂದರೂ ಅದೇ ಮರ. ಈಗಿನ ಹೆಚ್ಚಿನ ಕಡ್ಡಿಗಳಲ್ಲಿ ಆ ಮರದ ಚೂರೂ ಇರುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಅದಿರಲಿ.

ನಿಮ್ಮ ಕಾರ್ಡಿನ ಸಾಮಾನಿಗೆ ಬರೋಣ. ಫ್ರಾಂಕಿನ್ಸೆನ್ಸ್ ಅಂದರೆ ನಿಮ್ಮ ಅಣ್ಣ ಇರುವ ದೇಶದ ಮಾಲೇ. ಒಮಾನ್‌ನ ದಕ್ಷಿಣಕ್ಕೆ ಧೋಫಾರ್ ಅಂತ ಒಂದು ಸೀಮೆ ಇದೆ. ಅಲ್ಲಿ ಬೊಸ್ವೆಲಿಯಾ ಎಂಬ ಗಿಡ್ಡ ಮರದ ತೊಗಟೆ ಕೆರೆದರೆ ಹಾಲಿನಂಥ ಅಂಟು ಒಸರುತ್ತದೆ. ಗಾಳಿಗೆ ಒಣಗಿದರೆ ಹನಿಹನಿ ಹರಳು. ಆ ಸೀಮೆಯನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರ ಅಣ್ಣತಮ್ಮಂದಿರ ಮರ ನಮ್ಮ ದೇಶದ ಒಣ ಗುಡ್ಡಗಳಲ್ಲೂ ಇದೆ, ಆಯುರ್ವೇದದವರು ಶಲ್ಲಕಿ ಅನ್ನುತ್ತಾರೆ. ಅರಬ್ಬಿಯಲ್ಲಿ ಈ ಧೂಪಕ್ಕೆ ‘ಲುಬಾನ್’ ಎಂದು ಹೆಸರು.

ಇಲ್ಲೇ ಒಂದು ಗಡಿಬಿಡಿ ಇದೆ. ಹುಬ್ಬಳ್ಳಿಯ ಅಂಗಡಿಗೆ ಹೋಗಿ ‘ಲೋಬಾನ’ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಫ್ರಾಂಕಿನ್ಸೆನ್ಸ್ ಅಲ್ಲ, ಬೆಂಜೊಯಿನ್. ಬೇರೆ ಮರ, ಬೇರೆ ದೇಶ. ಸುಮಾತ್ರಾ ಮತ್ತು ಲಾವೋಸ್ ಕಡೆಯ ಮಾಲು. ಅರಬ್ ವ್ಯಾಪಾರಿಗಳು ಅದನ್ನು ‘ಲುಬಾನ್ ಜಾವಿ’, ಅಂದರೆ ಜಾವಾದ ಲೋಬಾನ ಎಂದು ಕರೆದರು. ಆ ಹೆಸರೇ ಯುರೋಪಿನವರ ಬಾಯಿಯಲ್ಲಿ ಸವೆದು ಸವೆದು ಬೆಂಜೊಯಿನ್ ಆಯಿತು. ಹೀಗಾಗಿ ನಿಮ್ಮ ಕಾರ್ಡಿನಲ್ಲಿ ಎರಡು ಲೋಬಾನಗಳಿವೆ. ಒಂದು ಖಡಕ್, ತಂಪು, ನಿಂಬೆ ಸಿಪ್ಪೆಯ ಹಾಗೆ. ಇನ್ನೊಂದು ಸಿಹಿ, ದಪ್ಪ, ಹಾಲುಖೋವಾದ ಹಾಗೆ. ಮೊದಲನೆಯದು ಅರ್ಧ ತಾಸಿಗೆ ನಿಮ್ಮ ಮನೆಯವರ ಮೂಗಿಗೆ ಬಂತು. ಎರಡನೆಯದು ರಾತ್ರಿ ನಿಮ್ಮ ಮೂಗಿಗೆ ಬಂತು.

ಗುರುವಾರ ಸಂಜೆ ಮಾರುಕಟ್ಟೆಯಲ್ಲಿ ಫಕೀರರು ನವಿಲುಗರಿ ಹಿಡಿದು, ಧೂಪದ ಬಟ್ಟಲು ಬೀಸುತ್ತಾ ಅಂಗಡಿ ಅಂಗಡಿಗೂ ಲೋಬಾನದ ಹೊಗೆ ಹಾಕಿ ಹೋಗುತ್ತಾರಲ್ಲ, ಅದು ನೆನಪಿಗೆ ಬರಬೇಕು. ಬಾಣಂತಿ ಕೋಣೆಯಲ್ಲಿ ಕೂಸಿನ ತಲೆ ಆರಿಸಲು ಕೆಂಡಕ್ಕೆ ಉದುರಿಸುವುದೂ ನೆನಪಾಗಬೇಕು. ಆದರೆ ಆ ವಾಸನೆಯಲ್ಲಿ ಅರ್ಧ ಹೊಗೆ. ಸೆಂಟಿನಲ್ಲಿ ಕೆಂಡ ಇಲ್ಲ. ಧೂಪವನ್ನು ಭಟ್ಟಿ ಇಳಿಸಿದಾಗ ಹಬೆಯೊಂದಿಗೆ ಹಗುರ ಅಂಶ ಮಾತ್ರ ಏರಿ ಬರುತ್ತದೆ. ಮರದಂತೆ, ನಿಂಬೆಯಂತೆ, ಸ್ವಲ್ಪ ಮೆಣಸಿನಂತೆ ಇರುತ್ತದೆ. ಸುಟ್ಟ ವಾಸನೆ ಬೇಕೆಂದರೆ ತಯಾರಕರು ಬೇರೆ ಏನಾದರೂ ಸೇರಿಸಬೇಕು. ಅದಕ್ಕೇ ಮೊದಲ ಸಲ ಹಾಕಿಕೊಂಡವರಿಗೆ ಒಂಥರಾ ಕಸಿವಿಸಿ. ಪರಿಚಯದ ಮುಖ, ಆದರೆ ಬೇರೆ ಊರಿನ ಮನುಷ್ಯ.

ಮಿರ್ ಅಂದರೆ ನಮ್ಮ ಗಿಡಮೂಲಿಕೆ ಅಂಗಡಿಯ ಹೀರಾಬೋಳ. ಕಹಿ, ಸ್ವಲ್ಪ ಮಣ್ಣು, ಸ್ವಲ್ಪ ಅಣಬೆ. ಲ್ಯಾಬ್ಡನಮ್ ಮಾತ್ರ ನಮ್ಮ ಕಡೆ ಇಲ್ಲ. ಅದು ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಒಂದು ಪೊದೆಯ ಎಲೆಯ ಜಿಗುಟು. ಹಿಂದಿನ ಕಾಲದಲ್ಲಿ ಮೇಯಲು ಹೋದ ಆಡುಗಳ ಗಡ್ಡಕ್ಕೆ ಅಂಟಿಕೊಂಡು ಬಂದಿದ್ದನ್ನು ಬಾಚಿ ತೆಗೆಯುತ್ತಿದ್ದರು. ಸುಳ್ಳಲ್ಲ, ಗ್ರೀಕರ ಹೆರೊಡೊಟಸ್ ಅಂದೇ ಬರೆದಿಟ್ಟಿದ್ದಾನೆ. ಈ ಲ್ಯಾಬ್ಡನಮ್, ಬೆಂಜೊಯಿನ್, ವೆನಿಲಾ ಮೂರನ್ನೂ ಕೂಡಿಸಿದರೆ ಸೆಂಟಿನವರು ಅದಕ್ಕೆ ‘ಆಂಬರ್’ ಅನ್ನುತ್ತಾರೆ. ಆಂಬರ್ ಅನ್ನುವುದು ಒಂದು ಗಿಡವಲ್ಲ, ಕಲ್ಲಲ್ಲ, ಒಂದು ಅಡುಗೆ.

ಇನ್ನು ಔಷಧ ಅಂಗಡಿಯ ವಾಸನೆ. ಅದು ಬಹುತೇಕ ಏಲಕ್ಕಿಯ ಕೆಲಸ. ನೀಲಗಿರಿ ಎಣ್ಣೆಗೆ ಆ ಮೂಗು ಬಿಡಿಸುವ ತಂಪು ಕೊಡುವ ಸಿನಿಯೋಲ್ ಏಲಕ್ಕಿಯಲ್ಲೂ ಧಾರಾಳವಾಗಿದೆ. ಪಾಯಸದಲ್ಲಿ ಬೆಲ್ಲ, ಹಾಲು, ತುಪ್ಪ ಅದನ್ನು ಮುಚ್ಚಿಬಿಡುತ್ತವೆ, ನಮಗೆ ಗೊತ್ತಾಗುವುದಿಲ್ಲ. ಹಾವೇರಿಯ ಏಲಕ್ಕಿ ಮಾಲೆ ಕೊರಳಿಗೆ ಹಾಕಿಸಿಕೊಂಡವರನ್ನು ಕೇಳಿ. ಮೊದಲು ಬರುವುದು ಸಿಹಿ ಅಲ್ಲ, ಕರ್ಪೂರದಂಥ ತಂಪು. ಅದರ ಮೇಲೆ ಕರಿಮೆಣಸು, ಸಾಲದ್ದಕ್ಕೆ ಸ್ಪಿರಿಟ್ಟಿನ ಘಾಟು. ಮೂರೂ ಸೇರಿ ವಿಕ್ಸ್ ಡಬ್ಬಿ ತೆಗೆದಂತೆ ಆಗಿರಬೇಕು, ಅಲ್ವಾ?

‘ಸ್ಪೈಸಿ’ ಅಂತ ಬರೆದ ಸೆಂಟನ್ನು ನಮ್ಮವರು ಕೊಂಡು ಬೇಜಾರಾಗುವುದು ಇಲ್ಲೇ. ನಮಗೆ ಖಾರ ಬೇರೆ, ಮಸಾಲೆಯ ಘಮ ಬೇರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಕೊಡವಿದಾಗ ಕಣ್ಣಲ್ಲಿ ನೀರು, ಮೂಗಲ್ಲಿ ಸೀನು. ಅದು ವಾಸನೆಯಲ್ಲ, ಗಾಳಿಗೆ ಹಾರಿದ ಪುಡಿ. ಖಾರದ ಅಂಶ ತಾನಾಗಿ ಆವಿಯಾಗಿ ಮೂಗಿಗೆ ಬರುವುದಿಲ್ಲ. ಕರಿಮೆಣಸೂ ಹಾಗೇ, ಭಟ್ಟಿ ಇಳಿಸಿದ ಎಣ್ಣೆಯಲ್ಲಿ ನಾಲಿಗೆ ಸುಡುವ ಪೈಪರಿನ್ ಬರುವುದೇ ಇಲ್ಲ. ಸೆಂಟಿನ ಕರಿಮೆಣಸು ಅಂದರೆ ಒಣ ಕಟ್ಟಿಗೆಯ ಹಾಗೆ ಬೆಚ್ಚಗಿನ ಘಮ ಅಷ್ಟೇ. ದಾಲ್ಚಿನ್ನಿ, ಲವಂಗ ಮಾತ್ರ ಬೇರೆ ಜಾತಿ. ಅವು ವಾಸನೆಯ ನರದ ಜೊತೆಗೆ ಉರಿ, ಚಳಿ, ಚುಚ್ಚು ತಿಳಿಸುವ ಇನ್ನೊಂದು ನರವನ್ನೂ ಮುಟ್ಟುತ್ತವೆ. ಮೂಗಿನಲ್ಲಿ ಸಣ್ಣಗೆ ಕಚಗುಳಿ ಆಗುತ್ತದೆ. ಮನೆಯಲ್ಲಿ ಮಸಾಲಿ ಖಾರ ಕುಟ್ಟಿದ ದಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಚುಚ್ಚುವುದು ಯಾವುದು, ಘಮಿಸುವುದು ಯಾವುದು ಅಂತ ಬೇರೆ ಮಾಡಲು ಬರುತ್ತದೆ. ಮೂಗಿಗೆ ಇದಕ್ಕಿಂತ ಒಳ್ಳೆಯ ಪಾಠ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದರಲ್ಲಿ ದಗಡಫೂಲ ಇದೆಯಲ್ಲ, ಬಂಡೆ, ಮರದ ಮೇಲಿನ ಕಲ್ಲುಹೂವು, ಅದರ ಬಳಗದ್ದೇ ಇನ್ನೊಂದನ್ನು ಯುರೋಪಿನ ಸೆಂಟಿನವರು ಓಕ್‌ಮಾಸ್ ಎಂದು ನೂರಾರು ವರ್ಷದಿಂದ ಬಳಸುತ್ತಿದ್ದಾರೆ.

ಈಗ ಅಸಲಿ ವಿಷಯ, ಹೊತ್ತು. ಇದಕ್ಕೆ ನನ್ನದೇ ಒಂದು ಫಜೀತಿ ಹೇಳಬೇಕು. ಎಂಟು-ಒಂಬತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಇಂಥದ್ದೇ ಧೂಪ-ಮಸಾಲೆಯ ಸೆಂಟು ಕಾಗದದ ಪಟ್ಟಿಗೆ ಹೊಡೆದು ಮೂಸಿಸಿದರು. ಕರಿಮೆಣಸು, ಕಿತ್ತಳೆ ಸಿಪ್ಪೆ, ಹಿಂದೆ ಸಣ್ಣಗೆ ಧೂಪ. ನಾನು, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು, ಹತ್ತು ನಿಮಿಷಕ್ಕೆ ಮರುಳಾಗಿ ಒಂಬತ್ತು ಸಾವಿರ ಕೊಟ್ಟೆ. ಮೈಗೆ ಹಾಕಿದ್ದು ರೈಲು ಹತ್ತುವಾಗ. ತುಮಕೂರಿಗೆ ಕಿತ್ತಳೆ ಮಾಯ. ಅರಸೀಕೆರೆ ಹೊತ್ತಿಗೆ ಧೂಪ ಅರಳಿತ್ತು, ಆಹಾ, ದುಡ್ಡು ವಸೂಲಾಯಿತು ಅಂದುಕೊಂಡೆ. ದಾವಣಗೆರೆಗೆ ಹೊಸ ಚಪ್ಪಲಿ ಅಂಗಡಿಯ ವಾಸನೆ ಶುರು. ಹಾವೇರಿ ಬರುವಷ್ಟರಲ್ಲಿ ಎದುರಿಗೆ ಕೂತಿದ್ದ ಅಜ್ಜಿ ಕಿಟಕಿ ಕಡೆ ನೋಡುತ್ತಾ, “ಯಾರರ ಟಯರ್ ಸುಟ್ಟಾರೇನ?” ಅಂದಳು. ನಾನು ತೋಳು ಇಳಿಸಿ ಗುಂಡಿ ಹಾಕಿಕೊಂಡೆ. ಮನೆಗೆ ಬಂದು ಡಬ್ಬಿ ಓದಿದರೆ ‘ಲೆದರ್’ ಅಂತ ಬರೆದಿತ್ತು. ಬರ್ಚ್ ಮರದ ಡಾಂಬರಿನಂಥ ಎಣ್ಣೆಯಿಂದ ಆ ಚರ್ಮದ ವಾಸನೆ ಮಾಡುತ್ತಾರೆ. ಅದು ಭಾರದ ಮಾಲು, ಏಳುವುದು ತಡ, ಎದ್ದ ಮೇಲೆ ಹೋಗುವುದೂ ತಡ.

ಹಗುರ ಅಂಶ ಬೇಗ ಹಾರುತ್ತದೆ, ಭಾರದ ಅಂಶ ಕೊನೆಗೆ ಉಳಿಯುತ್ತದೆ. ನಿಂಬೆ, ಮೆಣಸು, ಏಲಕ್ಕಿ ಹೋಗಲು ಅರ್ಧ ತಾಸು ಸಾಕು. ಮಸಾಲೆ, ಧೂಪದ ಖಡಕ್ ಭಾಗ ಎರಡು-ಮೂರು ತಾಸು. ಅಂಟುಗಳು, ಅಂದರೆ ಲ್ಯಾಬ್ಡನಮ್, ಬೆಂಜೊಯಿನ್, ಮರುದಿನ ಬೆಳಿಗ್ಗೆ ಸ್ನಾನದವರೆಗೂ. ಮಲ್ಲಿಗೆ ಸೆಂಟು, ನಿಂಬೆ ಕೊಲೋನ್ ಆದರೆ ಅಂಗಡಿಯಲ್ಲೇ ನಿರ್ಧಾರ ಮಾಡಿದರೂ ನಡೆದೀತು, ಅವುಗಳ ಬಣ್ಣ ಬೇಗ ಬಯಲಾಗುತ್ತದೆ. ಅಂಟಿನ ಸೆಂಟಿನಲ್ಲಿ ಹಾಗಲ್ಲ. ನೀವು ದುಡ್ಡು ಕೊಡುವುದು ಬೆಂಗಳೂರಿನ ವಾಸನೆಗೆ, ನಿಮ್ಮ ಜೊತೆ ಮನೆಗೆ ಬರುವುದು ಹಾವೇರಿಯ ವಾಸನೆ.

ಹಾಗಾದರೆ ಪರೀಕ್ಷೆ ಹೇಗೆ? ಒಂದು ಭಾನುವಾರ ಇಡೀ ದಿನ ಇದಕ್ಕೆ ಕೊಡಿ. ಸ್ನಾನಕ್ಕೆ ಗಂಧದ ಸಾಬೂನು ಬೇಡ, ಅದರ ವಾಸನೆ ಮಧ್ಯಾಹ್ನದವರೆಗೂ ಚರ್ಮ ಬಿಡುವುದಿಲ್ಲ. ಪೂಜೆಯ ಊದಿನಕಡ್ಡಿ ಆರಿ ಒಂದು ತಾಸಾಗಿರಲಿ, ಒಗ್ಗರಣೆ ಕೆಲಸವೂ ಮುಗಿದಿರಲಿ. ಮುಂಗೈ ಮಣಿಕಟ್ಟಿಗೆ ಹಾಕಬೇಡಿ. ಎಲ್ಲರೂ ಅಲ್ಲೇ ಹಾಕುತ್ತಾರೆ, ಆದರೆ ಹೆಣ್ಣುಮಕ್ಕಳ ಮಣಿಕಟ್ಟು ದಿನಕ್ಕೆ ಇಪ್ಪತ್ತು ಸಲ ನೀರಿಗೆ ಬೀಳುತ್ತದೆ, ಮೇಲೆ ಬಳೆ ಬೇರೆ. ಮೊಣಕೈ ಒಳಮಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಅರ್ಧ ಗೇಣು ದೂರದಿಂದ, ಒಂದೇ ಒಂದು ಸ್ಪ್ರೇ. ಚರ್ಮ ಒಣಗಿದ್ದರೆ ವಾಸನೆಯಿಲ್ಲದ ಯಾವುದಾದರೂ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿರಿ, ಎಣ್ಣೆ-ಪಸೆ ಇದ್ದ ಚರ್ಮ ಸೆಂಟನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದಕ್ಕೆ ಅದರದೇ ವಾಸನೆ ಇದೆ.

ತಿಕ್ಕಬೇಡಿ. ತಿಕ್ಕಿದರೆ ಸೆಂಟಿನ ಕಣಗಳು ಒಡೆಯುತ್ತವೆ ಅನ್ನುವ ಮಾತು ಸುಳ್ಳು, ಕಣಗಳು ಅಷ್ಟಕ್ಕೆಲ್ಲ ಒಡೆಯುವುದಿಲ್ಲ. ಆದರೆ ಕೈಯ ಬಿಸಿಗೆ ಮೊದಲ ಘಮ ಬೇಗ ಹಾರಿಹೋಗುತ್ತದೆ, ಅದು ನಿಜ. ಎರಡು ನಿಮಿಷ ಸುಮ್ನೆ ಬಿಡಿ, ಸ್ಪಿರಿಟ್ ಆರಲಿ. ಮೂಗನ್ನು ಚರ್ಮಕ್ಕೆ ಅಂಟಿಸಿ ಎಳೆಯಬೇಡಿ. ತೋಳನ್ನು ಮುಖದ ಮುಂದೆ ನಿಧಾನವಾಗಿ ದಾಟಿಸಿ, ಹೂವು ಮಾರುವವಳ ಬುಟ್ಟಿ ಮುಂದೆ ಹೋದಂತೆ.

ಅದೇ ಹೊತ್ತಿಗೆ ಒಂದು ಬಿಳಿ ಹತ್ತಿ ಬಟ್ಟೆಯ ಚೂರಿಗೂ ಒಂದು ಸ್ಪ್ರೇ ಹಾಕಿ, ಗಾಳಿಯಾಡುವ ಕಡೆ ಬೇರೆ ಕೋಣೆಯಲ್ಲಿಡಿ. ನಾನು ಬೆಂಗೇರಿ ಖಾದಿಯ ತುಂಡು ಇಟ್ಟುಕೊಂಡಿದ್ದೇನೆ, ಒರಟು ನೂಲು, ವಾಸನೆ ಚೆನ್ನಾಗಿ ಹಿಡಿಯುತ್ತದೆ. ಬಟ್ಟೆ ತೋರಿಸುವುದು ಸೆಂಟನ್ನು. ತೋಳು ತೋರಿಸುವುದು ಸೆಂಟು ಮತ್ತು ನೀವು ಇಬ್ಬರನ್ನೂ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿದರೆ, ಚರ್ಮಕ್ಕೆ ಹೊಂದುತ್ತದೋ ಇಲ್ಲವೋ ಅನ್ನುವ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ. ನಾನು ಕಂಡಂತೆ ಜನ ಅಂದುಕೊಂಡಷ್ಟು ವ್ಯತ್ಯಾಸ ಇರುವುದಿಲ್ಲ. ಮೈಬಿಸಿ, ಬೆವರು, ಪಸೆ ಇವುಗಳಿಂದ ವಾಸನೆ ಬೇಗ ಏಳಬಹುದು, ಬೇಗ ಇಳಿಯಬಹುದು. ಧೂಪ ಗುಲಾಬಿ ಆಗುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಡಿ. ಕಾಲು ತಾಸು, ಒಂದು ತಾಸು, ಮೂರು ತಾಸು, ಆರು ತಾಸು, ಮರುದಿನ ಬೆಳಿಗ್ಗೆ ಎದ್ದ ಕೂಡಲೇ, ಹೀಗೆ ಐದು ಸಲ ಬರೆಯಿರಿ. ಕಾರ್ಡನ್ನು ನೋಡಿ ಬರೆಯಬೇಡಿ, ನಿಮ್ಮ ಮಾತಲ್ಲಿ ಬರೆಯಿರಿ. ‘ಲ್ಯಾಬ್ಡನಮ್ ಬಂತು’ ಅಂತ ಬರೆದರೆ ಆರು ತಿಂಗಳ ಮೇಲೆ ಏನೂ ನೆನಪಾಗುವುದಿಲ್ಲ. ‘ಪಾಕ ಸ್ವಲ್ಪ ತಳ ಹಿಡಿದಂತೆ’, ‘ಹಳೇ ಟ್ರಂಕು ತೆಗೆದಂತೆ’, ‘ಅಜ್ಜನ ರಗ್ಗು’ ಅಂತ ಬರೆಯಿರಿ. ನಿಮ್ಮ ಮನೆಯವರ ‘ಮಠದಾಗ ಕುಂತಂಗ’ ಅನ್ನುವುದನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಿ. 2002ರಲ್ಲಿ ಕಾಮ್ ದ ಗಾರ್ಸಾನ್ ಎಂಬ ಜಪಾನಿನ ಕಂಪನಿ ಧೂಪದ ಮೇಲೆಯೇ ಐದು ಸೆಂಟು ಮಾಡಿತು. ಒಂದಕ್ಕೆ ನಮ್ಮ ಜೈಸಲ್ಮೇರ್ ಹೆಸರು, ಒಂದಕ್ಕೆ ಕ್ಯೋಟೊ, ಒಂದಕ್ಕೆ ಫ್ರಾನ್ಸಿನ ಆವಿನ್ಯೋಂ. ಆವಿನ್ಯೋಂ ಹಾಕಿಕೊಂಡವರನ್ನು ಮೂಸಿದ ಫ್ರೆಂಚರು ಹೇಳುವುದೂ ಅದೇ ಮಾತು, ಚರ್ಚಿನಲ್ಲಿ ಕುಳಿತಂತೆ ಇದೆ ಅಂತ. ನಮಗೆ ಮಠ, ಅವರಿಗೆ ಚರ್ಚು. ಸೆಂಟು ಮಾಡಿದವನಿಗೂ ಅದೇ ಬೇಕಿತ್ತು.

ಆದರೆ ಇಲ್ಲಿ ನಮಗೆ ಒಂದು ತೊಡಕಿದೆ, ಅದನ್ನು ಒಪ್ಪಲೇಬೇಕು. ಧೂಪ ದಿನಾ ಮನೆಯಲ್ಲಿ ಕಾಣದವರಿಗೆ ಅದು ದೂರದ, ಹೊಸ ವಾಸನೆ. ನಮಗೆ ಅದು ದೇವರ ಜಗುಲಿಯದು, ಸಿದ್ಧಾರೂಢ ಮಠದ್ದು, ದರ್ಗಾದ್ದು. ಅದನ್ನು ತೋಳಿಗೆ ಹಚ್ಚಿಕೊಂಡು ಪಾಠ ಮಾಡಲು ಹೋದರೆ ಕೆಲವರಿಗೆ ಇಷ್ಟ, ಕೆಲವರಿಗೆ ಮುಜುಗರ. ನನಗೆ ಕರ್ಪೂರ ಜಾಸ್ತಿ ಇರುವ ಸೆಂಟು ಇವತ್ತಿಗೂ ಆಗುವುದಿಲ್ಲ. ಅದು ಕೆಟ್ಟ ಸೆಂಟು ಅಂತಲ್ಲ, ಕರ್ಪೂರ ಅಂದರೆ ನನಗೆ ಮಂಗಳಾರತಿ, ಕೈ ತಾನಾಗಿ ಜೋಡಿಸುತ್ತದೆ. ಮೂರು ದಿನ ಹಾಕಿ ನೋಡಿದ ಮೇಲೂ ನಿಮಗೆ ಹೀಗೇ ಆದರೆ, ಸೆಂಟು ಎಷ್ಟೇ ದೊಡ್ಡದಿರಲಿ, ಬಿಟ್ಟುಬಿಡಿ.

ಮಧ್ಯಾಹ್ನ ನಿಮಗೆ ವಾಸನೆ ಬರಲಿಲ್ಲ, ಪಕ್ಕದವರಿಗೆ ಬಂತು. ಇದು ಎಲ್ಲರಿಗೂ ಆಗುವುದೇ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮೆದುಳು ಎರಡೂ ಅದನ್ನು ಲೆಕ್ಕಕ್ಕೆ ಇಡುವುದಿಲ್ಲ. ಮೀನು ಮಾರುವವರಿಗೆ ಮೀನಿನ ವಾಸನೆ ಗೊತ್ತಾಗದ ಹಾಗೆ. ಎರಡನೆಯ ಕಾರಣವೂ ಇರಬಹುದು. ಈಗಿನ ಸೆಂಟುಗಳಲ್ಲಿ ಕೆಲವು ದೊಡ್ಡ ಗಾತ್ರದ ಕಣಗಳಿವೆ, ಕಸ್ತೂರಿಯ ತರಹದ ಮಸ್ಕ್, ಮರದ ಘಮದ ಐಸೊ ಇ ಸೂಪರ್ ಇಂಥವು. ಇವು ಕೆಲವರ ಮೂಗಿಗೆ ಹತ್ತುವುದೇ ಇಲ್ಲ, ಪಕ್ಕದಲ್ಲಿದ್ದವರಿಗೆ ಜೋರಾಗಿ ಬರುತ್ತವೆ. ‘ನೀಶ್’ ಅಂದರೆ ಎಲ್ಲ ಗಿಡಮೂಲಿಕೆಯದು ಅಂತ ತಿಳಿಯಬೇಡಿ. ನೀಶ್ ಅಂದರೆ ಜಾಹೀರಾತಿನ ದೊಡ್ಡ ಕಂಪನಿಗಳಲ್ಲದ, ಸೆಂಟನ್ನೇ ಮುಖ್ಯ ಕಸುಬು ಮಾಡಿಕೊಂಡವರ ಮಾಲು ಅಷ್ಟೇ. ಪ್ಯಾರಿಸ್ಸಿನ ಲಾರ್ಟಿಸಾನ್ 1976ರಿಂದ ಇದೆ, ನಿಮ್ಮ ಅಣ್ಣನ ಒಮಾನ್‌ನ ಅಮುವಾಜ್ 1983ರಿಂದ. ಅವರೂ ಕಾರ್ಖಾನೆಯಲ್ಲಿ ತಯಾರಾದ ಕಣಗಳನ್ನು ಬಳಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮರ-ಆಂಬರ್ ತರಹದ ಕೆಲವು ಕಣಗಳು ಕೆಲವರ ಮೂಗಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತವೆ. ನಿಮ್ಮ ಮೇಡಂಗೆ ಆಗಿದ್ದು ಅದೇ ಇರಬಹುದು. ಅವರದು ಕೊಂಕು ಅಂತ ತಿಳಿಯಬೇಡಿ.

ಅದಕ್ಕೇ ಪರೀಕ್ಷೆಯ ದಿನ ಮನೆಯಲ್ಲೇ ಕೂರಬೇಡಿ. ಮೂರನೆಯ ತಾಸಿಗೆ ಎದ್ದು ಕೆಲಗೇರಿ ಕೆರೆಯ ಕಡೆ ಒಂದು ಸುತ್ತು ಹಾಕಿ ಬನ್ನಿ. ಹೊರಗಿನ ಗಾಳಿಯಲ್ಲಿ ಮೂಗು ತಿಳಿಯಾಗುತ್ತದೆ, ವಾಪಸ್ ಬಂದು ಬಾಗಿಲು ತೆಗೆದ ಕ್ಷಣ ಬಟ್ಟೆ ಇಟ್ಟ ಕೋಣೆ ಮೂಸಿ. ಅದು ಬೇರೆಯವರಿಗೆ ನಿಮ್ಮ ಸೆಂಟು ಹೇಗಿರುತ್ತದೋ ಹಾಗೆ. ಅಂಗಡಿಗಳಲ್ಲಿ ಮೂಗು ತೊಳೆಯಲು ಕಾಫಿ ಬೀಜ ಕೊಡುತ್ತಾರೆ. ನಾನೂ ಒಂದು ಬಟ್ಟಲು ಇಟ್ಟಿದ್ದೇನೆ, ನೋಡಲು ಚೆಂದ ಅಂತ. 2011ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಕಾಫಿ ಬೀಜಕ್ಕೂ ಬರಿ ಗಾಳಿಗೂ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಸೀರೆಯ ಸೆರಗನ್ನೇ ಒಮ್ಮೆ ಮೂಸಿದರೂ ಆದೀತು.

ಸೆರಗು ಅಂದಾಗ ನೆನಪಾಯಿತು. ರೇಷ್ಮೆ ಸೀರೆ, ಇಳಕಲ್ ಸೀರೆಯ ಸೆರಗಿನ ಮೇಲೆ ಇದನ್ನು ಹೊಡೆಯಬೇಡಿ. ಅಂಟಿನ ಸೆಂಟಿಗೆ ಬಣ್ಣ ಇರುತ್ತದೆ, ಲ್ಯಾಬ್ಡನಮ್ ಅಂತೂ ಕಾಕಂಬಿಯ ಬಣ್ಣ. ಕಲೆ ಹೋಗುವುದಿಲ್ಲ.

ಚರ್ಮದ ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ದಾಲ್ಚಿನ್ನಿ ಇದೆ ಅಂದಮೇಲೆ ಹೇಳದೆ ಬಿಡಲಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಎಡಗೈ ಮೇಲೆ ಅಪ್ಪಟ ದಾಲ್ಚಿನ್ನಿ ಎಣ್ಣೆ ಚೆಲ್ಲಿತು. ನೀರು ಹಾಕಿ ತೊಳೆದೆ, ಎಣ್ಣೆ ನೀರಿಗೆ ಹೋಗುತ್ತದೆಯೇ? ಇನ್ನಷ್ಟು ಹರಡಿತು. ಸಂಜೆಗೆ ಗುಳ್ಳೆ, ಆಮೇಲೆ ಹದಿನೈದು ದಿನ ಚರ್ಮ ಸುಲಿಯಿತು. ಆಮೇಲೆ ಹಿರಿಯರೊಬ್ಬರು ಹೇಳಿಕೊಟ್ಟರು, ಮೊದಲು ಅಡುಗೆ ಎಣ್ಣೆಯಿಂದ ಒರೆಸಬೇಕು, ಆಮೇಲೆ ಸಾಬೂನು. ಸೆಂಟಿನಲ್ಲಿ ಅದು ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತದೆ, ಹೆದರಬೇಡಿ. ಆದರೂ ದಾಲ್ಚಿನ್ನಿಯ ಸಿನಮಾಲ್, ಲವಂಗದ ಯುಜೆನಾಲ್ ಕೆಲವರಿಗೆ ಅಲರ್ಜಿ ತರುತ್ತವೆ. ಯುರೋಪಿನಲ್ಲಿ ಇಂಥ 26 ಅಂಶಗಳನ್ನು ಡಬ್ಬಿಯ ಮೇಲೆ ಬರೆಯಲೇಬೇಕೆಂಬ ನಿಯಮ ಬಹಳ ಹಿಂದೆಯೇ ಬಂತು, 2023ರಲ್ಲಿ ಆ ಪಟ್ಟಿ 80 ದಾಟಿತು. ಮೊದಲ ಸ್ಪ್ರೇ ಹಾಕಿದ ಜಾಗ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ, ಮತ್ತೆ ಹಾಕಬೇಡಿ. ಪುಟ್ಟ ಮಕ್ಕಳನ್ನು ಎತ್ತಿಕೊಳ್ಳುವ ತೋಳಿಗೆ ಹೇಗೂ ಬೇಡ.

ಹವೆ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹಾಕಿ ನೋಡಿದ ಸೆಂಟು ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಬೇರೆಯೇ ಆಗುತ್ತದೆ. ಬಿಸಿಲಿಗೆ ಭಾರದ ಅಂಟೂ ಬೇಗ ಏಳುತ್ತದೆ, ಉಸಿರು ಕಟ್ಟುತ್ತದೆ. ಮಳೆ-ಚಳಿಗೆ ಅದೇ ಸೆಂಟು ಮೈಗೆ ಶಾಲು ಹೊದ್ದಂತೆ ಕೂರುತ್ತದೆ. ಈ ಜಾತಿಯ ಸೆಂಟು ನಮ್ಮ ಕಡೆ ಹೇಳಿ ಮಾಡಿಸಿದಂತೆ ಕೂರುವುದು ಜೂನ್‌ನಿಂದ ಜನವರಿವರೆಗೆ, ಆಮೇಲೆ ಬೀರುವಿನಲ್ಲಿರಲಿ ಅನ್ನುವುದು ನನ್ನ ಅಭಿಪ್ರಾಯ. ನೀವು ಯಾವ ತಿಂಗಳಲ್ಲಿ ಹಾಕಿಕೊಂಡಿರಿ ಅಂತ ಬರೆದಿಲ್ಲ. ಬೇಸಿಗೆಯಾಗಿದ್ದರೆ ಮೇಡಂ ತಲೆನೋವಿಗೆ ಅರ್ಧ ಕಾರಣ ಅದೇ.

ದುಡ್ಡಿನ ಲೆಕ್ಕವನ್ನೂ ಮಾಡಿಬಿಡೋಣ. ಒಂದು ಸ್ಪ್ರೇಗೆ ಸುಮಾರು 0.1 ಮಿಲಿ ಹೋಗುತ್ತದೆ. ಅಂದರೆ ನಿಮ್ಮ 2 ಮಿಲಿಯಲ್ಲಿ ಇಪ್ಪತ್ತು ಸ್ಪ್ರೇ. ತೋಳಿಗೆ ಒಂದು, ಬಟ್ಟೆಗೆ ಒಂದು ಅಂದರೂ ಎಂಟು-ಹತ್ತು ದಿನದ ಪರೀಕ್ಷೆಗೆ ಧಾರಾಳ. 100 ಮಿಲಿ ಬಾಟ್ಲಿ ಅಂದರೆ ಸಾವಿರ ಸ್ಪ್ರೇ. ವರ್ಷಕ್ಕೆ ನೂರು ದಿನ, ದಿನಕ್ಕೆ ಎರಡು ಹೊಡೆದರೂ ಐದು ವರ್ಷ ಬರುತ್ತದೆ. ಒಂದೇ ಸೆಂಟನ್ನು ಐದು ವರ್ಷ ಹಚ್ಚಿಕೊಳ್ಳಲು ನಿಮಗೆ ಮನಸ್ಸಿದೆಯೇ? ಅಣ್ಣನಿಗೆ 10 ಮಿಲಿಯ ಸಣ್ಣ ಬಾಟ್ಲಿ ಸಿಗುತ್ತದೆಯೇ ಅಂತ ವಿಚಾರಿಸಲು ಹೇಳಿ, ಹಲವು ಕಂಪನಿಗಳು ಅಂಥದ್ದು ಮಾರುತ್ತವೆ. ಸ್ಯಾಂಪಲ್ಲಿನ ಮುಚ್ಚಳ ಗಟ್ಟಿಯಾಗಿ ಹಾಕಿ ಬೀರುವಿನ ಕತ್ತಲಲ್ಲಿ ಇಡಿ, ಬಚ್ಚಲುಮನೆಯ ಕಿಟಕಿಯ ಮೇಲೆ ಬೇಡ.

ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ನಿಮ್ಮ ಹಾವೇರಿ ಚೆನ್ನಾಗಿದೆ, ರಾತ್ರಿಯ ಸಿಹಿ ಘಮ ಹಿಡಿಸಿತು ಅಂತ ನೀವೇ ಬರೆದಿದ್ದೀರಿ. ತಕರಾರು ಇರುವುದು ನಡುವಿನ ಮೂರು ತಾಸಿನದು. ಅದಕ್ಕೆ ಉಪಾಯ ಇದೆ. ಕಾಲೇಜಿಗೆ ಹೋಗುವ ದಿನ ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಒಂದು ಸ್ಪ್ರೇ, ಅದೂ ಬ್ಲೌಸಿನ ಒಳಗೆ ಬೆನ್ನ ಮೇಲೆ. ಹತ್ತಕ್ಕೆ ಸ್ಟಾಫ್ ರೂಮಿಗೆ ಹೋಗುವಷ್ಟರಲ್ಲಿ ಮಠ ಮುಗಿದು ಲೋಬಾನದ ಸಿಹಿ ಶುರುವಾಗಿರುತ್ತದೆ. ಸ್ನಾನ ಆದ ಮೇಲೇ ಹಾಕಬೇಕು ಅಂತಿದ್ದರೆ ಸ್ನಾನವನ್ನೂ ಆರಕ್ಕೆ ಎಳೆದುಕೊಳ್ಳಿ. ಚಿಗರಿ ಬಸ್ಸಿನ ಏಸಿಯಲ್ಲಿ ಮುಚ್ಚಿದ ಕಿಟಕಿ, ಅಲ್ಲಿ ಹೊಸದಾಗಿ ಹೊಡೆದುಕೊಂಡು ಹತ್ತಬೇಡಿ.

ಮುಂದಿನ ಭಾನುವಾರ ಪರೀಕ್ಷೆಗೆ ಕೂತಾಗ ನಿಮ್ಮ ಮನೆಯವರ ತೋಳಿಗೂ ಒಂದು ಸ್ಪ್ರೇ ಹಾಕಿ. ಗಂಡಸರಿಗೆ ಹೆಂಗಸರಿಗೆ ಅಂತ ಬೇರೆ ಇಲ್ಲ ಇದರಲ್ಲಿ. ಹಾಕುವಾಗ ಬೈಯುತ್ತಾರೆ, ಬೈಯಲಿ. ರಾತ್ರಿ ಊಟ ಆದ ಮೇಲೆ ಅವರು ಯಾರೂ ನೋಡದಾಗ ತಮ್ಮ ತೋಳನ್ನು ಮೂಸುತ್ತಾರೋ ಇಲ್ಲವೋ ನೋಡಿ ನನಗೆ ಬರೆಯಿರಿ.